ಹಳೆ ಕಾರು, ಕಂಪನಿ ಸೆಟ್ಟು, ಹೊಸ ಹಾಡು

ಓಡಾಟಕ್ಕೆ ಇನ್ನೂ ಗಟ್ಟಿಯಾಗಿದ್ದು, ಹಾಡಿನ ವಿಷಯದಲ್ಲಿ ಮಾತ್ರ ಹಿಂದೆ ಉಳಿದ ಕಾರುಗಳು ನಮ್ಮ ರಸ್ತೆಗಳಲ್ಲಿ ಬೇಕಾದಷ್ಟಿವೆ. ಕರ್ನಾಟಕದಲ್ಲಿ 15 ವರ್ಷ ತುಂಬಿದ ಕಾರನ್ನು ಆರ್‌ಟಿಒ ತಪಾಸಣೆಗೆ ಒಡ್ಡಿ, ಪಾಸಾದರೆ ನೋಂದಣಿಯನ್ನು ಮತ್ತೆ 5 ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಹಾಗಾಗಿ 2000ದ ಆಸುಪಾಸಿನ ಸ್ಯಾಂಟ್ರೊ, ಕ್ವಾಲಿಸ್, ಆಕ್ಟೇವಿಯಾಗಳು ಇಂದಿಗೂ ಮನೆಮಂದಿಯ ನಂಬಿಕೆಯ ಗಾಡಿಗಳಾಗಿ ಓಡುತ್ತಿವೆ. ಅವುಗಳ ಡ್ಯಾಶ್‌ಬೋರ್ಡಿನಲ್ಲಿ ಇರುವುದು ಕ್ಯಾಸೆಟ್ಟಿನ ಗೂಡು, ಇಲ್ಲವೇ ಸಿಡಿ ತೂರಿಸುವ ಸೀಳು. ಮಾಲೀಕರ ಜೇಬಿನ ಫೋನಿನಲ್ಲಿ ಸಾವಿರಾರು ಹಾಡುಗಳಿವೆ. ಎರಡಕ್ಕೂ ಸಂಬಂಧ ಕಲ್ಪಿಸುವುದು ಹೇಗೆ ಎಂಬುದು ಪ್ರಶ್ನೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಊರಿನ ಆಕ್ಸೆಸರಿ ಅಂಗಡಿಯಲ್ಲೋ ಈ ಪ್ರಶ್ನೆ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಹಳೇ ಸೆಟ್ ಬಿಚ್ಚಿಹಾಕಿ, ಆಂಡ್ರಾಯ್ಡ್ ಸ್ಕ್ರೀನ್ ಹಾಕಿಸಿ. ಅದೂ ಒಂದು ಉಪಾಯವೇ. ಆದರೆ ಅದಕ್ಕೂ ಮೊದಲು ನೋಡಬೇಕಾದ ನಾಲ್ಕು ಉಪಾಯಗಳಿವೆ. ಅವುಗಳಲ್ಲಿ ಒಂದು ನಿಮ್ಮ ಕಾರಿಗೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಕಾಲ ಬಾಳುವಂತೆ ಒದಗುವ ಸಾಧ್ಯತೆ ದೊಡ್ಡದು. ಈ ಲೇಖನ ಐದನ್ನೂ ಒಂದೊಂದಾಗಿ ತೂಗಿ ನೋಡುತ್ತದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಕಂಪನಿಯ ಸೆಟ್ಟನ್ನು ಉಳಿಸಿಕೊಳ್ಳಬೇಕು, ಅದಕ್ಕೆ ಹೊರಗಿನ ಶಬ್ದ ತೆಗೆದುಕೊಳ್ಳುವ ಒಂದು ಸಾದಾ ತಂತಿ ಕೊಡಬೇಕು, ಡಿಜಿಟಲ್ ಸರಕನ್ನೆಲ್ಲ ಸೆಟ್ಟಿನಿಂದ ಹೊರಗೇ ಇಡಬೇಕು.

ಶಬ್ದ ಹರಿಯುವ ಹಾದಿ

ಯಾವ ಕಾರಿನ ಸೆಟ್ಟಾದರೂ ಒಳಗಿನ ಏರ್ಪಾಟು ಹೆಚ್ಚುಕಡಿಮೆ ಒಂದೇ. ಆಂಟೆನಾದಿಂದ ಬಂದ ತರಂಗವನ್ನು ಟ್ಯೂನರ್ ಹಿಡಿದು ಅದರಿಂದ ಶಬ್ದವನ್ನು ಬಿಡಿಸಿ ಕೊಡುತ್ತದೆ. ಕ್ಯಾಸೆಟ್ಟಾದರೆ ಟೇಪಿನ ಮೇಲಿನ ಕಾಂತೀಯ ಗುರುತನ್ನು ಹೆಡ್ ಓದುತ್ತದೆ. ಸಿಡಿಯಾದರೆ ಲೇಸರ್ ಓದಿದ ಅಂಕಿಗಳನ್ನು ಒಂದು ಚಿಪ್ ಶಬ್ದವಾಗಿ ತಿರುಗಿಸುತ್ತದೆ. ಈ ಮೂರೂ ಒಂದು ಆಯ್ಕೆಯ ಸ್ವಿಚ್ಚಿಗೆ ಬಂದು ಸೇರುತ್ತವೆ. ಅಲ್ಲಿಂದ ಮುಂದೆ ವಾಲ್ಯೂಮ್, ಬೇಸ್, ಟ್ರೆಬಲ್. ಕೊನೆಗೆ ಆಂಪ್ಲಿಫೈಯರ್ ಮತ್ತು ಸ್ಪೀಕರ್.

ಫೋನಿನ ಹಾಡನ್ನು ಈ ಹಾದಿಯಲ್ಲಿ ಎಲ್ಲಿ ಕೂಡಿಸುತ್ತೀರಿ ಎಂಬುದರ ಮೇಲೆಯೇ ಗುಣಮಟ್ಟ ನಿಂತಿದೆ. ಕಾಲುವೆಯ ನೀರನ್ನು ಹೊಲಕ್ಕೆ ಹತ್ತಿರದ ತೂಬಿನಿಂದ ಬಿಟ್ಟಷ್ಟೂ ಸೋರಿಕೆ ಕಡಿಮೆಯಾಗುವಂತೆ, ಹಾಡನ್ನು ಆಂಪ್ಲಿಫೈಯರಿಗೆ ಹತ್ತಿರ ಕೂಡಿಸಿದಷ್ಟೂ ನಷ್ಟ ಕಡಿಮೆ. ಆಂಟೆನಾದ ಮೂಲಕ ಕೂಡಿಸುವುದು ಎಲ್ಲಕ್ಕಿಂತ ದೂರದ ದಾರಿ. ಟೇಪ್ ಹೆಡ್ಡಿನ ಮೂಲಕ ಕೂಡಿಸುವುದು ಅದಕ್ಕಿಂತ ಹತ್ತಿರ. ಆಯ್ಕೆಯ ಸ್ವಿಚ್ಚಿಗೇ ತಂತಿ ಒಯ್ದರೆ ಅದು ಎಲ್ಲಕ್ಕಿಂತ ಹತ್ತಿರ. ಈ ಕ್ರಮದಲ್ಲೇ ಮುಂದೆ ಹೋಗೋಣ.

ಮೊದಲು ಸೆಟ್ಟಿನ ಕಾಲ ತಿಳಿಯಿರಿ

ಫಿಲಿಪ್ಸ್ ಕಂಪನಿ ಕಾಂಪ್ಯಾಕ್ಟ್ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಎರಡೇ ವರ್ಷದಲ್ಲಿ ಪಯೊನೀರ್ ಕಾರಿಗೆ ಹೊಂದುವ ಸಿಡಿ ಪ್ಲೇಯರ್ ತಂದಿತು. ಹಾಡಿನ ಕಡತಕ್ಕೆ ಎಂಪಿ3 ಎಂಬ ಬಾಲ ಅಂಟಿದ್ದು 1995ರಲ್ಲಿ, ಐಪಾಡ್ ಬಂದದ್ದು 2001ರಲ್ಲಿ. ಕಾರು ತಯಾರಕರು ಈ ಬದಲಾವಣೆಗಳನ್ನು ಯಾವಾಗಲೂ ಕೆಲವು ವರ್ಷ ತಡವಾಗಿಯೇ ಡ್ಯಾಶ್‌ಬೋರ್ಡಿಗೆ ತಂದರು. ಭಾರತದಲ್ಲಂತೂ ಮಾರುತಿ 800ರಂಥ ಕಾರುಗಳ ಹೆಚ್ಚಿನ ಮಾದರಿಗಳು ಸೆಟ್ಟೇ ಇಲ್ಲದೆ ಬರುತ್ತಿದ್ದವು. ಖಾಲಿ ಗೂಡಿಗೆ ಡೀಲರೋ ಅಂಗಡಿಯವರೋ ಒಂದು ಸೆಟ್ ಕೂರಿಸಿಕೊಡುತ್ತಿದ್ದರು. 2005ರ ಸ್ವಿಫ್ಟ್‌ನ ಮೇಲ್ದರ್ಜೆಯ ಮಾದರಿಯಂತೆ ಸೆಟ್ಟು ಡ್ಯಾಶ್‌ಬೋರ್ಡಿನ ಮೈಗೇ ಬೆಸೆದುಕೊಂಡು ಬರುವುದು ಆಮೇಲೆ ರೂಢಿಯಾಯಿತು. 2008ರ ಕೊನೆಗೆ ಬಂದ ಐ20ಯಂಥ ಕಾರುಗಳಲ್ಲಿ ಹೊರಗಿನ ಶಬ್ದ ತೆಗೆದುಕೊಳ್ಳುವ ತೂತಾದ ಆಕ್ಸ್ ಮತ್ತು ಯುಎಸ್‌ಬಿ ಕಂಪನಿಯಿಂದಲೇ ಬಂದವು.

ಹೀಗಾಗಿ ನಮ್ಮ ಹಳೆಯ ಸೆಟ್ಟುಗಳನ್ನು ನಾಲ್ಕು ಗುಂಪು ಮಾಡಬಹುದು: ರೇಡಿಯೊ ಮಾತ್ರ ಇರುವವು, ಕ್ಯಾಸೆಟ್ ಇರುವವು, ಸಿಡಿ ಇದ್ದು ಹಿಂಬದಿಯಲ್ಲಿ ಸಿಡಿ ಚೇಂಜರಿಗೆ ಜಾಗ ಬಿಟ್ಟಿರುವವು, ಎಂಪಿ3 ಸಿಡಿ ಅಥವಾ ಆಕ್ಸ್ ಇರುವವು. ನಿಮ್ಮದು ಯಾವ ಗುಂಪು ಎಂದು ತಿಳಿಯದೆ ಏನನ್ನೂ ಕೊಳ್ಳಬೇಡಿ. ಸೆಟ್ಟಿನ ಮಾದರಿ ಸಂಖ್ಯೆ ಅದರ ಮೇಲ್ಭಾಗದಲ್ಲೋ ಪಕ್ಕದಲ್ಲೋ ಅಂಟಿಸಿದ ಚೀಟಿಯಲ್ಲಿರುತ್ತದೆ. ಅದನ್ನು ನೋಡಲು ಸೆಟ್ಟನ್ನು ಒಮ್ಮೆ ಹೊರಗೆಳೆಯಲೇಬೇಕು. ಆಗಲೇ ಹಿಂಬದಿಯ ಕಪ್ಲರುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಕೈಪಿಡಿಯಲ್ಲಿ ಒಂದು ಸಾಲೂ ಬರೆಯದೆ ಆಕ್ಸ್ ಸೌಲಭ್ಯವನ್ನು ಹಿಂಬದಿಯಲ್ಲಿ ಕೊಟ್ಟಿರುವ ಸೆಟ್ಟುಗಳೂ ಇವೆ.

ಎಫ್‌ಎಂ ಟ್ರಾನ್ಸ್‌ಮಿಟರ್: ಸುಲಭ, ಆದರೆ ದುರ್ಬಲ

ಲೈಟರ್ ಸಾಕೆಟ್ಟಿಗೆ ಚುಚ್ಚುವ ಪುಟ್ಟ ಟ್ರಾನ್ಸ್‌ಮಿಟರ್ ಎಲ್ಲ ಕಡೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಫೋನಿನಿಂದ ಬ್ಲೂಟೂತಿನಲ್ಲಿ ಹಾಡು ಪಡೆದು ಅದನ್ನು ಸಣ್ಣ ಎಫ್‌ಎಂ ಕೇಂದ್ರದಂತೆ ಪ್ರಸಾರ ಮಾಡುತ್ತದೆ, ಸೆಟ್ಟಿನ ರೇಡಿಯೊ ಅದನ್ನು ಹಿಡಿಯುತ್ತದೆ. ಒಂದು ತಿರುಪನ್ನೂ ಬಿಚ್ಚಬೇಕಿಲ್ಲ. ಎಫ್‌ಎಂ ಇರುವ ಯಾವ ಸೆಟ್ಟಿಗಾದರೂ ಆದೀತು.

ತೊಡಕು ಇರುವುದು ಆಕಾಶದಲ್ಲಿ. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು; ಇಂದು ಅದು 91.1ರಲ್ಲಿದೆ. ಅನಂತರ 91.9, 92.7, 93.5, 94.3 ಎಂದು 0.8 ಮೆಗಾಹರ್ಟ್ಸ್ ಅಂತರದಲ್ಲಿ ಕೇಂದ್ರಗಳು ಸಾಲಾಗಿ ನಿಂತವು. ಆಕಾಶವಾಣಿಯ ಕೇಂದ್ರಗಳು 100.1, 101.3, 102.9ರಲ್ಲಿವೆ. ಇಷ್ಟು ಕಿಕ್ಕಿರಿದ ಪಟ್ಟಿಯಲ್ಲಿ ನಿಮ್ಮ ಪುಟ್ಟ ಟ್ರಾನ್ಸ್‌ಮಿಟರಿಗೆ ಖಾಲಿ ಜಾಗ ಹುಡುಕುವುದೇ ಕಷ್ಟ. ಒಂದೇ ಕಂಪನಾಂಕದಲ್ಲಿ ಎರಡು ಪ್ರಸಾರಗಳು ಬಂದರೆ ಎಫ್‌ಎಂ ರೇಡಿಯೊ ಬಲವಾದುದನ್ನೇ ಹಿಡಿದುಕೊಳ್ಳುತ್ತದೆ. ತುಮಕೂರು ದಾರಿಯಲ್ಲಿ ಚೆನ್ನಾಗಿ ಕೇಳುತ್ತಿದ್ದ ಹಾಡು ಇನ್ನೊಂದು ನಗರ ಸಮೀಪಿಸಿದಂತೆ ಕರಕರ ಎನ್ನುವುದು ಇದೇ ಕಾರಣಕ್ಕೆ.

ಖಾಲಿ ಕಂಪನಾಂಕ ಸಿಕ್ಕರೂ ಒಂದು ಮಿತಿ ಉಳಿದೇ ಉಳಿಯುತ್ತದೆ. ಎಫ್‌ಎಂ ಸ್ಟೀರಿಯೊ ಪದ್ಧತಿಯೇ 15 ಕಿಲೊಹರ್ಟ್ಸ್ ಮೇಲಿನ ಶಬ್ದವನ್ನು ಕತ್ತರಿಸುತ್ತದೆ. ತಾಳದ ಝಣತ್ಕಾರ, ತಂಬೂರಿಯ ಮೇಲುಸ್ವರಗಳ ಮಿನುಗು ಮಂಕಾಗುತ್ತವೆ. ಮಾತು, ಸುದ್ದಿ, ಹರಿಕಥೆ ಕೇಳುವವರಿಗೆ ಇದು ದೊಡ್ಡ ನಷ್ಟವಲ್ಲ. ಸಂಗೀತ ಕೇಳುವವರಿಗೆ ನಷ್ಟವೇ.

ಇದರದೇ ಇನ್ನೊಂದು ರೂಪ ಎಫ್‌ಎಂ ಮಾಡ್ಯುಲೇಟರ್. ಅದು ಆಂಟೆನಾದ ತಂತಿ ಮತ್ತು ಸೆಟ್ಟಿನ ನಡುವೆ ಕೂರುತ್ತದೆ. ಹಾಡು ಹಾಕಿದಾಗ ಹೊರಗಿನ ಆಂಟೆನಾವನ್ನು ಕಡಿದು ತನ್ನ ಸಂಕೇತವನ್ನು ತಂತಿಯ ಮೂಲಕವೇ ಕೊಡುವುದರಿಂದ ಬೇರೆ ಕೇಂದ್ರಗಳ ಹಾವಳಿ ಬಹುಪಾಲು ನಿಲ್ಲುತ್ತದೆ. ಬೇರೆ ಯಾವ ದಾರಿಯೂ ಇಲ್ಲದ ಎಫ್‌ಎಂ ಸೆಟ್ಟಿಗೆ, ಸಾಕೆಟ್ಟಿಗೆ ಚುಚ್ಚುವುದಕ್ಕಿಂತ ಇದೇ ಮೇಲು.

ಕ್ಯಾಸೆಟ್ ಅಡಾಪ್ಟರ್: ಮರೆತುಹೋದ ಒಳ್ಳೆಯ ಉಪಾಯ

ಕ್ಯಾಸೆಟ್ಟಿನ ಆಕಾರದ ಡಬ್ಬಿ, ಅದರಿಂದ ಹೊರಟ ಒಂದು ತಂತಿ, ತುದಿಯಲ್ಲಿ 3.5 ಮಿಲಿಮೀಟರ್ ಪಿನ್. 1980ರ ದಶಕದಲ್ಲಿ, ಸಿಡಿ ವಾಕ್‌ಮನ್ನುಗಳನ್ನು ಕಾರಿನಲ್ಲಿ ಕೇಳಲೆಂದು ಹುಟ್ಟಿದ ಈ ಸಾಧನ ಇಂದಿನ ಫೋನಿಗೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಡಬ್ಬಿಯೊಳಗೆ ಟೇಪ್ ಇಲ್ಲ. ಟೇಪ್ ಹಾದುಹೋಗಬೇಕಾದ ಜಾಗದಲ್ಲಿ ಒಂದು ಪುಟ್ಟ ಹೆಡ್ ಇದೆ. ಫೋನಿನ ಶಬ್ದಕ್ಕೆ ತಕ್ಕಂತೆ ಅದು ಏರಿಳಿಯುವ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಎದುರಿಗೇ ಒತ್ತಿಕೊಂಡಿರುವ ಸೆಟ್ಟಿನ ಹೆಡ್ ಅದನ್ನು ಟೇಪೆಂದೇ ತಿಳಿದು ಓದುತ್ತದೆ. ಟೇಪಿನ ಸರಸರ ಸದ್ದಿಲ್ಲ, ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುವ ಟೇಪಿನ ತೊನೆದಾಟವಿಲ್ಲ. ಹಾಗಾಗಿ ಒಳ್ಳೆಯ ಅಡಾಪ್ಟರಿನ ಶಬ್ದ ಬಹಳ ಸಲ ಕ್ಯಾಸೆಟ್ಟಿಗಿಂತಲೂ ಸ್ವಚ್ಛ.

ಚೆನ್ನಾಗಿ ಕೇಳಬೇಕಾದರೆ ನಾಲ್ಕು ಕೆಲಸ ಮಾಡಿ. ಸೆಟ್ಟಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ವರ್ಷಗಟ್ಟಲೆ ಕೂತ ಕಂದು ಪುಡಿ ಹೋದರೆ ಅರ್ಧ ಸಮಸ್ಯೆ ತೀರುತ್ತದೆ. ಡಾಲ್ಬಿ ಗುಂಡಿ ಇದ್ದರೆ ಆಫ್ ಮಾಡಿ, ಏಕೆಂದರೆ ಡಾಲ್ಬಿಯಲ್ಲಿ ಧ್ವನಿಮುದ್ರಣವಾಗದ ಹಾಡಿಗೆ ಅದು ಮೇಲುಸ್ವರಗಳನ್ನು ತಗ್ಗಿಸಿಬಿಡುತ್ತದೆ. ಮೆಟಲ್ ಅಥವಾ ಕ್ರೋಮ್ ಟೇಪಿನ ಗುಂಡಿ ಆಫ್ ಇರಲಿ. ಫೋನಿನ ವಾಲ್ಯೂಮನ್ನು ಮುಕ್ಕಾಲಿಗೆ ಏರಿಸಿ, ಉಳಿದದ್ದನ್ನು ಸೆಟ್ಟಿನಲ್ಲಿ ಹೊಂದಿಸಿಕೊಳ್ಳಿ.

ಅಡಾಪ್ಟರ್ ಹಾಕಿದೊಡನೆ ಸೆಟ್ ಅದನ್ನು ಹೊರಗುಗುಳಿದರೆ ಅಥವಾ ಎರಡೂ ಬದಿಗೆ ತಿರುಗಿಸುತ್ತಲೇ ಇದ್ದರೆ ತಪ್ಪು ಸಾಮಾನ್ಯವಾಗಿ ಹಲ್ಲುಚಕ್ರಗಳದು. ಆಟೊ ರಿವರ್ಸ್ ಡೆಕ್ಕುಗಳು ಚಕ್ರ ತಿರುಗುತ್ತಿದೆಯೇ ಎಂದು ಸದಾ ಪರೀಕ್ಷಿಸುತ್ತವೆ. ತಿರುಗುವುದು ನಿಂತರೆ ಟೇಪ್ ಮುಗಿಯಿತೆಂದು ತಿಳಿಯುತ್ತವೆ. ಇನ್ನೊಂದು ತಯಾರಿಕೆಯ ಅಡಾಪ್ಟರ್ ಹಾಕಿ ನೋಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ಡೆಕ್ಕೇ ತಿರುಗದಿದ್ದರೆ ಒಳಗಿನ ರಬ್ಬರ್ ಬೆಲ್ಟ್ ಬಿಸಿಲಿಗೆ ಹಿಗ್ಗಿಯೋ ಕರಗಿಯೋ ಹೋಗಿರುತ್ತದೆ. ಅದನ್ನು ಬದಲಿಸುವುದು ಟೇಪ್‌ರೆಕಾರ್ಡರ್ ರಿಪೇರಿ ಬಲ್ಲ ಯಾರಿಗಾದರೂ ಸಣ್ಣ ಕೆಲಸ.

ತಂತಿಯಿಲ್ಲದ ಬ್ಲೂಟೂತ್ ಕ್ಯಾಸೆಟ್ಟುಗಳೂ ಬಂದಿವೆ. ಅವುಗಳಲ್ಲಿ ಪುಟ್ಟ ಲಿಥಿಯಮ್ ಬ್ಯಾಟರಿ ಇರುತ್ತದೆ, ಅದನ್ನು ಆಗಾಗ ಚಾರ್ಜ್ ಮಾಡಬೇಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಲಿಥಿಯಮ್ ಬ್ಯಾಟರಿ ಬಿಡುವುದು ಒಳ್ಳೆಯದಲ್ಲ. ನಮ್ಮ ಹವೆಗೆ ತಂತಿಯದೇ ವಾಸಿ.

ಚೇಂಜರ್ ಕಿಂಡಿ: ಕಂಪನಿಯೇ ಬಿಟ್ಟುಹೋದ ಬಾಗಿಲು

1990ರ ದಶಕದಿಂದ 2000ದ ದಶಕದ ನಡುವರೆಗಿನ ಅನೇಕ ಸೆಟ್ಟುಗಳು ಡಿಕ್ಕಿಯಲ್ಲಿ ಇಡುವ 6 ಅಥವಾ 10 ಸಿಡಿಗಳ ಚೇಂಜರನ್ನು ನಡೆಸಬಲ್ಲವು. ಚೇಂಜರ್ ಕೊಳ್ಳದ ಕಾರಿನಲ್ಲೂ ಆ ಕಿಂಡಿ ಸೆಟ್ಟಿನ ಹಿಂದೆ ಇರುತ್ತದೆ. 2001ರಲ್ಲಿ ಭಾರತಕ್ಕೆ ಬಂದ ಆಕ್ಟೇವಿಯಾದಂಥ ಯುರೋಪಿನ ವಿನ್ಯಾಸಗಳಲ್ಲಿ ಐಎಸ್‌ಒ ಮಾದರಿಯ ಕಪ್ಲರುಗಳಿರುತ್ತವೆ: ಒಂದರಲ್ಲಿ ವಿದ್ಯುತ್ತು, ಒಂದರಲ್ಲಿ ನಾಲ್ಕು ಸ್ಪೀಕರುಗಳ ಎಂಟು ತಂತಿಗಳು, ಇನ್ನೊಂದರಲ್ಲಿ ಹಳದಿ, ಹಸಿರು, ನೀಲಿ ಎಂಬ ಮೂರು ಸಣ್ಣ ತುಂಡುಗಳು. ನೀಲಿಯ ತುಂಡು ಸಾಮಾನ್ಯವಾಗಿ ಚೇಂಜರಿನದು. ಎಡ, ಬಲ, ಅರ್ತ್ ಎಂಬ ಮೂರು ಶಬ್ದದ ತಂತಿಗಳು ಅಲ್ಲಿ ನೇರವಾಗಿ ಆಯ್ಕೆಯ ಸ್ವಿಚ್ಚಿಗೆ ಹೋಗುತ್ತವೆ.

ಆದರೆ ತಂತಿ ಕೂಡಿಸಿದ ಮಾತ್ರಕ್ಕೆ ಹಾಡು ಬರುವುದಿಲ್ಲ. ಎದುರಿಗೆ ಚೇಂಜರ್ ಇದೆಯೇ ಎಂದು ಸೆಟ್ಟು ಬೇರೆ ತಂತಿಗಳಲ್ಲಿ ಸಂಕೇತ ಕಳಿಸಿ ಕೇಳುತ್ತದೆ. ಉತ್ತರ ಬಾರದಿದ್ದರೆ ಆ ಕಿಂಡಿಯನ್ನು ತೆರೆಯುವುದೇ ಇಲ್ಲ. ಇದಕ್ಕೆಂದೇ ಚೇಂಜರ್ ಎಮ್ಯುಲೇಟರ್ ಎಂಬ ಪೆಟ್ಟಿಗೆಗಳಿವೆ. ಚೇಂಜರ್ ಕೊಡಬೇಕಾದ ಉತ್ತರಗಳನ್ನು ಅವೇ ಕೊಟ್ಟು, ಪೆನ್‌ಡ್ರೈವಿನ ಅಥವಾ ಬ್ಲೂಟೂತಿನ ಹಾಡನ್ನು ಸಿಡಿಯ ಹೆಸರಿನಲ್ಲಿ ಕಳಿಸುತ್ತವೆ. ಪೆನ್‌ಡ್ರೈವಿನ ಒಂದೊಂದು ಫೋಲ್ಡರೂ ಸೆಟ್ಟಿಗೆ ಒಂದೊಂದು ಸಿಡಿಯಾಗಿ ಕಾಣುತ್ತದೆ. ಮುಂದಿನ ಹಾಡು, ಹಿಂದಿನ ಹಾಡು ಎಂಬ ಗುಂಡಿಗಳು, ಸ್ಟೀರಿಂಗ್ ಮೇಲಿನ ಗುಂಡಿಗಳು ಕೂಡ ಎಂದಿನಂತೆ ಕೆಲಸ ಮಾಡುತ್ತವೆ. ಪರದೆಯಲ್ಲಿ ಹಾಡಿನ ಹೆಸರು ಬರುವುದಿಲ್ಲ, ಸಂಖ್ಯೆ ಮಾತ್ರ ಬರುತ್ತದೆ.

ಹಳೆಯ ಸೆಟ್ಟಿಗೆ ಇದಕ್ಕಿಂತ ಅಚ್ಚುಕಟ್ಟಾದ ಉಪಾಯವಿಲ್ಲ. ಶಬ್ದ ಶುದ್ಧ, ಏನನ್ನೂ ಕತ್ತರಿಸಬೇಕಿಲ್ಲ, ಬೇಡವೆಂದಾಗ ಕಪ್ಲರ್ ಕಿತ್ತರೆ ಎಲ್ಲ ಮೊದಲಿನಂತೆ. ಬೆಲೆ ಕೆಲವು ಸಾವಿರ ರೂಪಾಯಿ ಮುಟ್ಟುತ್ತದೆ. ಒಂದೇ ಎಚ್ಚರ: ಒಂದು ಕಂಪನಿಯ ಎಮ್ಯುಲೇಟರ್ ಇನ್ನೊಂದಕ್ಕೆ ಆಗದು, ಒಂದೇ ಕಂಪನಿಯ ಎರಡು ಕಾಲದ ಸೆಟ್ಟುಗಳಿಗೂ ಆಗದಿರಬಹುದು. ಕಾರಿನ ಹೆಸರು ನೋಡಿ ಕೊಳ್ಳಬಾರದು, ಸೆಟ್ಟಿನ ಮಾದರಿ ಸಂಖ್ಯೆ ನೋಡಿಯೇ ಕೊಳ್ಳಬೇಕು. 2001ರ ಬಿಎಂಡಬ್ಲ್ಯು 7 ಸೀರೀಸ್‌ನಿಂದ ಮುಂದೆ ಕೆಲವು ದುಬಾರಿ ಕಾರುಗಳಲ್ಲಿ ಶಬ್ದ ತಾಮ್ರದ ತಂತಿಯಲ್ಲಿ ಹರಿಯದೆ ಆಪ್ಟಿಕಲ್ ಫೈಬರಿನಲ್ಲಿ ಹರಿಯುತ್ತದೆ. ಅವುಗಳಿಗೆ ಬೇರೆಯೇ ಬಗೆಯ, ಹೆಚ್ಚು ಬೆಲೆಯ ಪೆಟ್ಟಿಗೆ ಬೇಕು.

ಸೆಟ್ಟಿನ ಒಳಗಿನಿಂದ ತಂತಿ

ಆಕ್ಸ್ ಇಲ್ಲ, ಚೇಂಜರ್ ಕಿಂಡಿಯೂ ಇಲ್ಲ, ಆದರೂ ಒಳ್ಳೆಯ ಶಬ್ದ ಬೇಕು ಎನ್ನುವವರಿಗೆ ಉಳಿಯುವುದು ಸೆಟ್ಟನ್ನು ಬಿಚ್ಚಿ ಬೆಸುಗೆ ಹಾಕುವ ದಾರಿ. ಟೇಪಿನ ಪ್ರೀಆಂಪ್ಲಿಫೈಯರಿನಿಂದ ಆಯ್ಕೆಯ ಸ್ವಿಚ್ಚಿಗೆ ಹೋಗುವ ಎರಡು ಗೆರೆಗಳನ್ನು ಹುಡುಕಿ, ಕೆಪಾಸಿಟರಿನ ಮೂಲಕ ಹೊರಗಿನ ಶಬ್ದವನ್ನು ಅಲ್ಲಿ ಕೂಡಿಸಬೇಕು. ನೇರ ವಿದ್ಯುತ್ತು ಫೋನಿನ ಕಡೆಗೆ ಹರಿಯದಂತೆ ಕೆಪಾಸಿಟರ್ ತಡೆಯುತ್ತದೆ. ಟೇಪ್ ಓಡುತ್ತಿದ್ದರೆ ಮಾತ್ರ ಸೆಟ್ಟು ಆ ಗೆರೆಯನ್ನು ತೆರೆಯುವುದರಿಂದ ಒಂದು ಖಾಲಿ ಕ್ಯಾಸೆಟ್ ಹಾಕಿಡುವುದು ರೂಢಿಯ ಉಪಾಯ.

ಇದು ಸೀಟ್ ಕವರ್ ಹೊಲಿಯುವ ಅಂಗಡಿಯ ಕೆಲಸವಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಸುತ್ತಮುತ್ತ ಇರುವಂಥ, ಸರ್ಕಿಟ್ ನಕ್ಷೆ ಓದಬಲ್ಲ, ಆಸಿಲೋಸ್ಕೋಪ್ ಇಟ್ಟುಕೊಂಡ ಎಲೆಕ್ಟ್ರಾನಿಕ್ಸ್ ರಿಪೇರಿಗಾರರ ಕೆಲಸ. ಆ ಮಾದರಿಯ ಸರ್ವಿಸ್ ಕೈಪಿಡಿ ಸಿಕ್ಕರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ನಕ್ಷೆಯಿಲ್ಲದೆ ಊಹೆಯ ಮೇಲೆ ಬೆಸುಗೆ ಹಾಕಿಸಬೇಡಿ.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿಯಂಥ ಹಿರಿಯ ಕಾರುಗಳಲ್ಲಿ ಮುಳ್ಳು ತಿರುಗಿಸುವ ಹಳೆಯ ರೇಡಿಯೊ ಉಳಿದಿದ್ದರೆ ನನ್ನ ಸಲಹೆ ಬೇರೆ. ಆ ರೇಡಿಯೊವನ್ನು ಮುಟ್ಟಲೇಬೇಡಿ. ಸೀಟಿನ ಕೆಳಗೆ ಒಂದು ಚಿಕ್ಕ ಬ್ಲೂಟೂತ್ ಆಂಪ್ಲಿಫೈಯರ್, ಹಿಂದಿನ ಹಲಗೆಯ ಮೇಲೆ ಒಂದು ಜೊತೆ ಸ್ಪೀಕರ್ ಇಟ್ಟು ಹಾಡನ್ನು ಬೇರೆಯಾಗಿಯೇ ಕೇಳಿ. ಬ್ರಿಟಿಷ್ ವಿನ್ಯಾಸದ ಕೆಲವು ಹಳೆಯ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಅರ್ತ್ ಆಗಿರುತ್ತದೆ; ಇನ್ನು ಕೆಲವು ಹಳೆಯ ಕಾರುಗಳು 6 ವೋಲ್ಟಿನವು. ಇಂದಿನ ಯಾವ ಸಾಧನವೂ ಅವುಗಳಿಗೆ ನೇರವಾಗಿ ಹೊಂದದು. ಕೂಡಿಸುವ ಮೊದಲು ಮೀಟರ್ ಇಟ್ಟು ನೋಡಲೇಬೇಕು.

ಸೆಟ್ಟನ್ನೇ ಬದಲಿಸುವುದು

ಮಾರುತಿ 800, ಜೆನ್, ಹಳೆಯ ಸ್ಯಾಂಟ್ರೊ, ಕ್ವಾಲಿಸ್‌ಗಳ ಗೂಡು 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ ಸಿಂಗಲ್ ಡಿನ್ ಅಳತೆಗೆ ಹೊಂದುತ್ತದೆ. ಹಳೆಯ ಸೆಟ್ಟು ಕೆಟ್ಟುಹೋಗಿದ್ದು, ಅದು ಕಂಪನಿಯದೂ ಅಲ್ಲವೆಂದಾದರೆ, ಬ್ಲೂಟೂತ್ ಮತ್ತು ಯುಎಸ್‌ಬಿ ಇರುವ ಸಾದಾ ಸೆಟ್ಟನ್ನು ಅಲ್ಲಿ ಕೂರಿಸುವುದು ನ್ಯಾಯವಾದ ನಿರ್ಧಾರ. ಈ ಕಾರುಗಳ ಮಟ್ಟಿಗೆ ಅಂಗಡಿಯವರ ಸಲಹೆ ಸರಿ.

ಡ್ಯಾಶ್‌ಬೋರ್ಡಿಗೇ ಬೆಸೆದ ಸೆಟ್ಟುಗಳ ಮಾತು ಬೇರೆ. ಅಲ್ಲಿ ಸೆಟ್ಟಿನ ಪರದೆಯೇ ಗಡಿಯಾರ ತೋರಿಸುತ್ತಿರಬಹುದು, ಸ್ಟೀರಿಂಗ್ ಗುಂಡಿಗಳು ಅದರೊಂದಿಗೆ ಮಾತಾಡುತ್ತಿರಬಹುದು, ಕಾರಿನ ಇತರ ಘಟಕಗಳೊಂದಿಗೆ ಅದು ಕ್ಯಾನ್ ಬಸ್ ತಂತಿಯಲ್ಲಿ ಸಂಪರ್ಕ ಇಟ್ಟುಕೊಂಡಿರಬಹುದು. ಅದನ್ನು ಕಿತ್ತರೆ ಇವೆಲ್ಲವನ್ನೂ ಮತ್ತೆ ಹೊಂದಿಸಬೇಕು. ಮೂಲದ ಕಪ್ಲರ್ ಕತ್ತರಿಸಿ ತಂತಿಗಳನ್ನು ಟೇಪ್ ಸುತ್ತಿ ಬಿಡುವುದು ಇಂಥ ಕೆಲಸದಲ್ಲಿ ಆಗುವ ಅತಿ ದೊಡ್ಡ ಅನ್ಯಾಯ. ನಿಮ್ಮ ಕಾರಿಗೆ ಹೊಂದುವ ಅಡಾಪ್ಟರ್ ಕಪ್ಲರ್ ಕೇಳಿ ಪಡೆಯಿರಿ, ಸಿಗದಿದ್ದರೆ ಕೆಲಸ ಮುಂದೂಡಿ. ಇನ್ನೊಂದು ಅಂಶ: ಐಎಸ್‌ಒ ಕಪ್ಲರಿನಲ್ಲಿ 4ನೆಯ ಪಿನ್ ಸದಾ ಜೀವಂತವಾಗಿರುವ 12 ವೋಲ್ಟ್, 7ನೆಯದು ಕೀ ತಿರುಗಿಸಿದಾಗ ಬರುವ 12 ವೋಲ್ಟ್. ಫೋಕ್ಸ್‌ವ್ಯಾಗನ್ ಬಳಗದ ಎಷ್ಟೋ ಕಾರುಗಳಲ್ಲಿ ಇವೆರಡು ಅದಲುಬದಲಾಗಿರುತ್ತವೆ. ಅದನ್ನು ಗಮನಿಸದೆ ಕೂರಿಸಿದ ಸೆಟ್ಟು ಪ್ರತಿ ಸಲವೂ ನೆನಪಿಟ್ಟ ಕೇಂದ್ರಗಳನ್ನು ಮರೆಯುತ್ತದೆ, ಇಲ್ಲವೇ ರಾತ್ರಿಯೆಲ್ಲ ಬ್ಯಾಟರಿ ಹೀರುತ್ತದೆ.

ಹೊಸ ಸೆಟ್ಟು ಹೆಚ್ಚು ಜೋರು ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. ಡಬ್ಬದ ಮೇಲೆ 50 ವ್ಯಾಟ್ ಗುಣಿಸು ನಾಲ್ಕು ಎಂದು ಬರೆದಿರುತ್ತದೆ. ಎಂಜಿನ್ ಓಡುವಾಗ ಕಾರಿನ ವೋಲ್ಟೇಜ್ 14.4ರ ಸುತ್ತ. ಅಷ್ಟರಿಂದ 4 ಓಮ್ ಸ್ಪೀಕರಿಗೆ ಒಂದು ಸಾಮಾನ್ಯ ಚಿಪ್ ಶಬ್ದ ಕೆಡದಂತೆ ಕೊಡಬಲ್ಲದ್ದು 20 ವ್ಯಾಟಿನ ಆಸುಪಾಸು. ಅನೇಕ ಹಳೆಯ ಸೆಟ್ಟುಗಳೊಳಗೂ ಅದೇ ಜಾತಿಯ ಚಿಪ್ ಇರುವುದರಿಂದ ಎರಡರ ಬಲವೂ ಹೆಚ್ಚುಕಡಿಮೆ ಒಂದೇ. ಶಬ್ದ ಸುಧಾರಿಸಬೇಕೆಂದಿದ್ದರೆ ಆ ಹಣವನ್ನು ಸ್ಪೀಕರಿಗೆ ಹಾಕಿ. ಇಪ್ಪತ್ತು ವರ್ಷ ಬಿಸಿಲು, ತೇವ ತಿಂದ ಕಾಗದದ ಕೋನುಗಳನ್ನು ಅದೇ ಅಳತೆಯ ಒಳ್ಳೆಯ ಜೊತೆಗೆ ಬದಲಿಸಿದರೆ ಆಗುವ ವ್ಯತ್ಯಾಸ ಯಾವ ಹೊಸ ಪರದೆಯಿಂದಲೂ ಆಗದು.

ತಂತಿ ಸಿಕ್ಕ ಮೇಲೆ

ಈಗ ನಿಮ್ಮ ಸೆಟ್ಟಿಗೆ ಹೊರಗಿನ ಶಬ್ದ ತೆಗೆದುಕೊಳ್ಳುವ ದಾರಿಯಿದೆ ಎಂದುಕೊಳ್ಳೋಣ. ಅದಕ್ಕೆ ಏನನ್ನು ಕೂಡಿಸಬೇಕು? ಇಲ್ಲಿ ಇತಿಹಾಸ ಒಂದು ಪಾಠ ಹೇಳುತ್ತದೆ. 2004ರಲ್ಲಿ ಬಿಎಂಡಬ್ಲ್ಯು ತನ್ನ ಕಾರುಗಳಿಗೆ ಐಪಾಡ್ ಜೋಡಣೆ ತಂದಾಗ ಅದು ದೊಡ್ಡ ಸುದ್ದಿ. ಬಳಿಕ ಅನೇಕ ತಯಾರಕರು ಐಪಾಡಿನ 30 ಪಿನ್ನಿನ ತಂತಿಯನ್ನು ಗ್ಲೋವ್ ಬಾಕ್ಸಿನಲ್ಲಿ ಕೊಟ್ಟರು. 2012ರಲ್ಲಿ ಆಪಲ್ ಆ ಪಿನ್ನನ್ನೇ ಕೈಬಿಟ್ಟು ಲೈಟ್ನಿಂಗ್ ತಂದಿತು. 2023ರಲ್ಲಿ ಅದನ್ನೂ ಬಿಟ್ಟು ಯುಎಸ್‌ಬಿ ಸಿ ತಂದಿತು. 2016ರ ಐಫೋನ್ 7ರಿಂದ ಹೆಡ್‌ಫೋನಿನ ತೂತೇ ಮಾಯವಾಯಿತು. ಅಂದು ಹಣ ತೆತ್ತು ಹಾಕಿಸಿಕೊಂಡ 30 ಪಿನ್ನಿನ ತಂತಿಗಳು ಇಂದು ಯಾರಿಗೂ ಬೇಡ. ಅದೇ ಕಾಲದಲ್ಲಿ 3.5 ಮಿಲಿಮೀಟರ್ ಆಕ್ಸ್ ಹಾಕಿಸಿದವರು ಮಾತ್ರ ಪ್ರತಿ ಹೊಸ ಫೋನಿಗೂ ಒಂದು ಸಣ್ಣ ಕೊಂಡಿ ಕೊಂಡು ಮುಂದುವರಿದಿದ್ದಾರೆ.

ಹಾಗಾಗಿ ಕಾರಿನೊಳಗೆ ಶಾಶ್ವತವಾಗಿ ಇರಬೇಕಾದದ್ದು ಸಾದಾ ಆಕ್ಸ್ ತಂತಿ ಮಾತ್ರ. ಅದರ ತುದಿಗೆ ಬ್ಲೂಟೂತ್ ರಿಸೀವರ್ ಸಿಕ್ಕಿಸಿ, ಬೇಕಾದರೆ ಎಂಪಿ3 ಪ್ಲೇಯರ್ ಸಿಕ್ಕಿಸಿ. ಹತ್ತು ವರ್ಷದ ನಂತರ ಇನ್ನೇನೋ ಬಂದರೆ ಅದನ್ನೂ ಸಿಕ್ಕಿಸಬಹುದು. ರಿಸೀವರ್ ಕೊಳ್ಳುವಾಗ ಒಳಗೆ ಬ್ಯಾಟರಿ ಇಲ್ಲದೆ ಕಾರಿನ ವಿದ್ಯುತ್ತಿನಲ್ಲೇ ನಡೆಯುವ, ಕೀ ತಿರುಗಿಸಿದೊಡನೆ ತಾನೇ ಫೋನನ್ನು ಹುಡುಕಿಕೊಳ್ಳುವಂಥದ್ದನ್ನು ಆರಿಸಿ. ಹಳೆಯ ಕಾರಿನ ಎಂಜಿನ್, ಟೈರು, ಗಾಳಿಯ ಸದ್ದಿನ ನಡುವೆ ಬ್ಲೂಟೂತಿನ ಸಾಮಾನ್ಯ ಗುಣಮಟ್ಟವೇ ಧಾರಾಳವಾಗಿ ಸಾಕು.

ಮಾತಾಡುವ ಮೈಕ್ ಇರುವ ರಿಸೀವರ್ ಹಾಕಿದ ಮಾತ್ರಕ್ಕೆ ಚಾಲಕ ಫೋನ್ ಹಿಡಿಯುವಂತಿಲ್ಲ. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 184ನೆಯ ಸೆಕ್ಷನ್, ಓಡಿಸುತ್ತ ಕೈಯಲ್ಲಿ ಫೋನ್ ಬಳಸುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಹಾಡಿನ ಸಾಲನ್ನು ಹೊರಡುವ ಮೊದಲೇ ಹೊಂದಿಸಿಡಿ.

ವಿದ್ಯುತ್ತು, ಅರ್ತ್ ಮತ್ತು ಸೀಟಿ

ಆಕ್ಸ್ ಹಾಕಿಸಿದವರ ಸಾಮಾನ್ಯ ದೂರು ಒಂದಿದೆ: ಎಂಜಿನ್ ರೇಸ್ ಮಾಡಿದಂತೆ ಏರುವ ಸೀಟಿಯಂಥ ಸದ್ದು. ಇದು ಆಲ್ಟರ್ನೇಟರಿನ ಸದ್ದು, ಅರ್ತ್ ತಂತಿಯ ಮೂಲಕ ಹಾಡಿಗೆ ಸೇರುತ್ತಿರುತ್ತದೆ. ಫೋನನ್ನು ಕಾರಿನ ಚಾರ್ಜರಿಗೂ ಆಕ್ಸಿಗೂ ಒಟ್ಟಿಗೆ ಕೂಡಿಸಿದಾಗ ಅರ್ತ್‌ಗೆ ಎರಡು ದಾರಿಗಳಾಗಿ, ಆ ಸುತ್ತಿನಲ್ಲಿ ಹರಿಯುವ ಸಣ್ಣ ವಿದ್ಯುತ್ತು ಶಬ್ದವಾಗಿ ಕೇಳಿಸುತ್ತದೆ. ಪರೀಕ್ಷೆ ಸುಲಭ: ಚಾರ್ಜರ್ ಕಿತ್ತು ನೋಡಿ. ಸೀಟಿ ನಿಂತರೆ ಕಾರಣ ಅದೇ.

ಪರಿಹಾರವಾಗಿ ರಿಸೀವರಿನ ಅರ್ತ್ ತಂತಿಯನ್ನು ಸೆಟ್ಟಿನ ಅರ್ತ್ ಇರುವಲ್ಲಿಗೇ ಒಯ್ಯಿರಿ. ಅಷ್ಟರಿಂದ ಹೋಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿಯನ್ನು ಆಕ್ಸ್ ತಂತಿಯ ನಡುವೆ ಹಾಕಿ. ಒಳಗೆ ಎರಡು ಸಣ್ಣ ಟ್ರಾನ್ಸ್‌ಫಾರ್ಮರುಗಳಿರುತ್ತವೆ. ಶಬ್ದ ಹಾದುಹೋಗುತ್ತದೆ, ಅರ್ತ್‌ನ ಕೊಂಡಿ ಕಡಿಯುತ್ತದೆ. ತೀರ ಅಗ್ಗದ್ದಾದರೆ ಬೇಸ್ ಸ್ವಲ್ಪ ತೆಳುವಾದೀತು.

ಕೆಲಸಕ್ಕೆ ಕೂರುವ ಮೊದಲು ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿ. ಅದಕ್ಕೂ ಮೊದಲು ಸೆಟ್ಟಿನ ಕೋಡ್ ನಿಮ್ಮ ಬಳಿ ಇದೆಯೇ ನೋಡಿಕೊಳ್ಳಿ. ವಿದ್ಯುತ್ತು ಕಡಿದರೆ ಬೀಗ ಹಾಕಿಕೊಂಡು ಕೋಡ್ ಕೇಳುವ ಸೆಟ್ಟುಗಳು ಅನೇಕ, ತಪ್ಪು ಕೋಡ್ ಒತ್ತುತ್ತ ಹೋದರೆ ಕೆಲವು ಗಂಟೆಗಟ್ಟಲೆ ಸುಮ್ಮನಾಗುತ್ತವೆ. ಹೊಸ ಸಾಧನದ ತಂತಿಗೆ ಪ್ರತ್ಯೇಕ ಫ್ಯೂಸ್ ಇರಲಿ. ಸ್ಪೀಕರಿನ ಯಾವ ತಂತಿಯನ್ನೂ ಬಾಡಿಗೆ ತಾಗಿಸಬೇಡಿ. ಈಚಿನ ಮೂರು ದಶಕಗಳ ಹೆಚ್ಚಿನ ಸೆಟ್ಟುಗಳಲ್ಲಿ ಸ್ಪೀಕರಿನ ಮೈನಸ್ ತಂತಿ ಅರ್ತ್ ಅಲ್ಲ. ತಾಗಿದರೆ ಆಂಪ್ಲಿಫೈಯರ್ ಚಿಪ್ ಸುಟ್ಟೀತು. ಸೆಟ್ಟಿನ ಹಿಂಬದಿಯ ಹಳದಿ ತುಂಡಲ್ಲದೆ ಬೇರೆಲ್ಲಾದರೂ ಹಳದಿ ಕಪ್ಲರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು. ಅದನ್ನು ಮುಟ್ಟಬೇಡಿ, ಅದರಲ್ಲಿ ಮೀಟರ್ ಇಡಬೇಡಿ.

ಹಾಡನ್ನು ಜೊತೆಗಿಟ್ಟುಕೊಳ್ಳಿ

ಚಾರ್ಮಾಡಿ, ಶಿರಾಡಿ, ಆಗುಂಬೆ ಘಾಟಿಗಳಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಎಫ್‌ಎಂ ಕೇಂದ್ರಗಳೂ ಬೆಟ್ಟದ ಮರೆಗೆ ಸರಿಯುತ್ತವೆ. ಸಂಗೀತ ಬೇಕಾಗುವ ದಾರಿಗಳಲ್ಲೇ ಸ್ಟ್ರೀಮಿಂಗ್ ನಿಲ್ಲುತ್ತದೆ. ಆದ್ದರಿಂದ ಹಾಡುಗಳನ್ನು ಫೋನಿನಲ್ಲೋ ಪೆನ್‌ಡ್ರೈವಿನಲ್ಲೋ ಇಳಿಸಿಕೊಂಡಿರಬೇಕು. 128 ಕಿಲೊಬಿಟ್ ಎಂಪಿ3 ಒಂದು ನಿಮಿಷಕ್ಕೆ ಸುಮಾರು 1 ಎಂಬಿ ತಿನ್ನುತ್ತದೆ. 700 ಎಂಬಿಯ ಒಂದು ಎಂಪಿ3 ಸಿಡಿಯಲ್ಲೇ 12 ಗಂಟೆ, 32 ಜಿಬಿಯ ಪೆನ್‌ಡ್ರೈವಿನಲ್ಲಿ 500 ಗಂಟೆಗೂ ಹೆಚ್ಚು ಸಂಗೀತ ಹಿಡಿಯುತ್ತದೆ. ಎಂಪಿ3 ಓದಬಲ್ಲ ಸಿಡಿ ಸೆಟ್ಟು ನಿಮ್ಮಲ್ಲಿದ್ದರೆ ಬೇರೇನೂ ಕೊಳ್ಳದೆ ಕೆಲಸ ಮುಗಿಯಿತು.

ಪೆನ್‌ಡ್ರೈವನ್ನು ಫ್ಯಾಟ್32 ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿ. ಹಳೆಯ ಸೆಟ್ಟು ಮತ್ತು ಎಮ್ಯುಲೇಟರುಗಳಿಗೆ ತಿಳಿದಿರುವುದು ಅದೇ. ಕಡತಗಳ ಹೆಸರಿನ ಮೊದಲು 01, 02 ಎಂದು ಅಂಕಿ ಹಾಕಿದರೆ ಹಾಡುಗಳು ನಿಮ್ಮ ಇಚ್ಛೆಯ ಸರದಿಯಲ್ಲಿ ಬರುತ್ತವೆ. ಕನ್ನಡ ಲಿಪಿಯಲ್ಲಿ ಹೆಸರಿಟ್ಟರೆ ಹಳೆಯ ಪರದೆಗಳು ಚೌಕವನ್ನೋ ಪ್ರಶ್ನೆಚಿಹ್ನೆಯನ್ನೋ ತೋರಿಸುತ್ತವೆ. ಅವುಗಳಲ್ಲಿ ನಮ್ಮ ಅಕ್ಷರಗಳಿಗೆ ಜಾಗವನ್ನೇ ಮಾಡಿರಲಿಲ್ಲ ಎಂಬುದು ನೋವಿನ ಸಂಗತಿ. ಕಾರಿನ ಪ್ರತಿಗೆ ರೋಮನ್ ಲಿಪಿಯ ಹೆಸರು ಕೊಟ್ಟು, ಮೂಲ ಪ್ರತಿಯಲ್ಲಿ ಕನ್ನಡವನ್ನೇ ಉಳಿಸಿಕೊಳ್ಳಿ.

ತೀರ್ಪು

ಎಲ್ಲವನ್ನೂ ತೂಗಿ ನೋಡಿದರೆ ಕ್ರಮ ಸ್ಪಷ್ಟವಾಗುತ್ತದೆ. ಸೆಟ್ಟಿನ ಹಿಂದೆ ಆಕ್ಸ್ ಇದ್ದರೆ ಅದೇ ಉತ್ತಮ. ಚೇಂಜರ್ ಕಿಂಡಿ ಇದ್ದರೆ ಎಮ್ಯುಲೇಟರ್. ಕ್ಯಾಸೆಟ್ ಡೆಕ್ ನಡೆಯುತ್ತಿದ್ದರೆ ತಂತಿಯ ಅಡಾಪ್ಟರ್. ಇವು ಯಾವುವೂ ಆಗದಿದ್ದರೆ ನುರಿತವರ ಕೈಯಿಂದ ಒಳಗಿನ ಬೆಸುಗೆ, ಅಥವಾ ಎಫ್‌ಎಂ ಮಾಡ್ಯುಲೇಟರ್. ಸಾಕೆಟ್ಟಿನ ಟ್ರಾನ್ಸ್‌ಮಿಟರ್ ತಾತ್ಕಾಲಿಕಕ್ಕೆ ಮಾತ್ರ. ಸೆಟ್ ಬದಲಿಸುವುದು ಸಾದಾ ಗೂಡಿನ ಕಾರಿಗೆ, ಅದೂ ಹಳೆಯದು ರಿಪೇರಿಗೆ ಬಗ್ಗದಿದ್ದಾಗ.

ಬದಲಿಸಲೇಬೇಕಾದರೂ ಒಂದು ವಿನಂತಿ. ನಡೆಯುತ್ತಿರುವ ಕ್ಯಾಸೆಟ್ ಡೆಕ್ಕನ್ನು ಗುಜರಿಗೆ ಹಾಕಬೇಡಿ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳು ‘ನಿತ್ಯೋತ್ಸವ’ವಾಗಿ 1978ರಲ್ಲಿ ಹೊರಬಂದದ್ದು ಧ್ವನಿಸುರುಳಿಯಲ್ಲಿ. ಆ ಬಳಿಕದ ದಶಕಗಳಲ್ಲಿ ಭಾವಗೀತೆ, ಯಕ್ಷಗಾನ, ತಾಳಮದ್ದಳೆ, ಹರಿಕಥೆ, ಊರ ಜಾತ್ರೆಯ ಪದಗಳು ಕ್ಯಾಸೆಟ್ಟಿನಲ್ಲೇ ಮನೆಮನೆ ಸೇರಿದವು. ಅವುಗಳಲ್ಲಿ ಎಷ್ಟೋ ಇಂದಿನ ಸ್ಟ್ರೀಮಿಂಗ್ ಪಟ್ಟಿಗಳಲ್ಲಿ ಸಿಗುವುದಿಲ್ಲ. ಅಜ್ಜಿ ಹಾಡಿದ ಸೋಬಾನೆಯನ್ನು ಮನೆಯವರು ಟೇಪಿನಲ್ಲಿ ಹಿಡಿದಿಟ್ಟಿದ್ದರೆ ಅದು ಬೇರೆಲ್ಲೂ ಇರಲಾರದು. ಟೇಪ್ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ, ಅದನ್ನು ಓದಬಲ್ಲ ಯಂತ್ರಗಳೂ ಕಡಿಮೆಯಾಗುತ್ತಿವೆ. ಕಾರಿಗೆ ಹೊಸ ಹಾಡು ತರುವ ಉತ್ಸಾಹದಲ್ಲಿರುವಾಗಲೇ ಮನೆಯ ಹಳೆಯ ಕ್ಯಾಸೆಟ್ಟುಗಳನ್ನು ಒಮ್ಮೆ ಹೊರತೆಗೆಯಿರಿ. ಒಳ್ಳೆಯ ಡೆಕ್ಕಿನಲ್ಲಿ ಓಡಿಸಿ ಅವನ್ನು ಡಿಜಿಟಲ್ ಪ್ರತಿ ಮಾಡಿ, ಎರಡು ಕಡೆ ಉಳಿಸಿಡಿ. ಈ ಕೆಲಸವನ್ನು ಈ ವರ್ಷವೇ ಮಾಡಿ.